ಎದುರು ದಡದಿಂದ ಬಂದ ಮೇಕೆ

ನನ್ನ ಅಡುಗೆಮನೆಯಲ್ಲೊಂದು ಮೇಕೆಯಿದೆ. ಗಾಬರಿಯಾಗಬೇಡಿ, ಕೌನ್ಸಿಲ್‌ನವರಿಗೆ ಫೋನು ಮಾಡುವ ಕೆಲಸವೇನಿಲ್ಲ. ಅದು ಮರದ ಮೇಕೆ. ಮಡಚಿದರೆ ಫ್ರಿಜ್ಜಿನ ಪಕ್ಕದ ಸಂದಿಯಲ್ಲಿ ಗೋಡೆಗೊರಗಿ ನಿಲ್ಲುತ್ತದೆ. ಬಿಡಿಸಿದರೆ ಕುಳ್ಳ ಪೀಠವಾಗುತ್ತದೆ, ಮುಂದಕ್ಕೆ ಚಾಚಿದ ಕತ್ತಿನ ತುದಿಗೆ ಹಲ್ಲುಹಲ್ಲಾದ ಕಬ್ಬಿಣದ ನಾಲಗೆ. ಬೆನ್ನ ಮೇಲೆ ಕೂತು ತೆಂಗಿನಕಾಯಿ ತುರಿಯಬೇಕು. ಪೂರ್ವ ಆಫ್ರಿಕಾದ ಕರಾವಳಿಯ ಸ್ವಾಹಿಲಿ ಮಾತಿನಲ್ಲಿ ಇದಕ್ಕೆ ‘ಎಂಬೂಝಿ’ ಎನ್ನುತ್ತಾರೆ, ಹಾಗೆಂದರೆ ಮೇಕೆ. ಮೈಸೂರಿನವರಾದ ನಮ್ಮ ಯಜಮಾನರಿಗೆ ಅದು ತುರಿಮಣೆ, ಕುಂದಾಪುರ ಕಡೆಯವಳಾದ ನನಗೆ ಹೆರೆಮಣೆ. ಮೊನ್ನೆ ಕಸ ಹೀರುವ ಹೂವರ್ ಹಿಡಿದು ಸಂದಿಗೊಂದಿ ಗುಡಿಸುವಾಗ ಅದು ನನ್ನ ಕಾಲ ಮೇಲೆ ಬಿತ್ತು. ಹೆಬ್ಬೆರಳು ಹಿಡಿದುಕೊಂಡು ಕುರ್ಚಿಯಲ್ಲಿ ಕೂತವಳಿಗೆ ಕೆಲಸವೆಲ್ಲ ಮರೆತುಹೋಗಿ ಪಕ್ಕದ ಮನೆಯ ರುಕಿಯಾ ಮಾಸಿ ನೆನಪಾದರು. ಮೇಕೆ ಅವರದು. ಒಂದು ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ನಮ್ಮಲ್ಲಿ ಬಿಟ್ಟುಹೋದವರು ಬಂದ ಮೇಲೂ ವಾಪಸು ಕೇಳಲಿಲ್ಲ.

ಆ ಕಥೆಗೆ ಮೊದಲು ನನ್ನ ಸ್ವಂತ ಹೆರೆಮಣೆಯ ಕಥೆ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಮೊದಲಲ್ಲಿ, ಯಜಮಾನರಿಗೆ ಇಲ್ಲಿ, ಇಂಗ್ಲಿಷರ ದೇಶದಲ್ಲಿ, ಆಸ್ಪತ್ರೆಯ ಡಾಕ್ಟರ ಕೆಲಸವಾಗಿ ನಾನು ಹಿಂದಿನಿಂದ ಹೊರಟಾಗ, ಅಮ್ಮ ಹೆರೆಮಣೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದಳು. ಪೆಟ್ಟಿಗೆಯಲ್ಲಿ ಹಾಕಿದರೆ ಉಪ್ಪಿನಕಾಯಿ ಭರಣಿ ಒಡೆದೀತೆಂದು ನಾನು ಅದನ್ನು ಕೈಚೀಲದಲ್ಲಿಟ್ಟುಕೊಂಡೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಬ್ಬರು ಸೀರೆ ಬಿಚ್ಚಿ, ಒಳಗಿನ ಹಲ್ಲುಗಳನ್ನು ನೋಡಿ, ಹಿಂದಕ್ಕೆ ಸರಿದು ನಿಂತರು. ಇದು ಆಯುಧವಲ್ಲ, ಅಡುಗೆ ಸಾಮಾನು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಹೊಸ ಮೈಸೂರು ಸಿಲ್ಕ್ ಸೀರೆಯಲ್ಲಿ ಅಲ್ಲೇ ನೆಲದ ಮೇಲೆ ಅದರ ಬೆನ್ನೇರಿ ಕೂತು, ಕಾಯಿಯಿಲ್ಲದೆಯೇ ಗಾಳಿಯಲ್ಲಿ ತುರಿದು ತೋರಿಸಿದೆ. ಸಾಲಿನಲ್ಲಿದ್ದವರೆಲ್ಲ ನೋಡಿದರು. ಆ ಅಧಿಕಾರಿ ಬಹಳ ಮರ್ಯಾದೆಯಿಂದ ನನ್ನನ್ನು ಎಬ್ಬಿಸಿ, ಹೆರೆಮಣೆಯನ್ನು ಅಲ್ಲೇ ಇಟ್ಟುಕೊಂಡು, ನನ್ನನ್ನು ಮಾತ್ರ ಕಳಿಸಿದರು.

ರೇನರ್ಸ್ ಲೇನ್‌ನ ಈ ಮನೆಗೆ ಬಂದ ಮೇಲೆ ಇಲ್ಲಿನವರು ಚೀಸು ತುರಿಯುವ ಡಬ್ಬಿಯಲ್ಲೇ ಕಾಯಿ ತುರಿಯತೊಡಗಿದೆ. ಅದರಲ್ಲಿ ಕಾಯಿಗಿಂತ ಬೆರಳು ಸಲೀಸಾಗಿ ತುರಿಯುತ್ತದೆ. ಯಜಮಾನರು ಆಸ್ಪತ್ರೆಯಿಂದ ಬಂದವರು ನನ್ನ ಕೈಯ ಪಟ್ಟಿಗಳನ್ನು ನೋಡಿ, ಪಲ್ಯದ ತಟ್ಟೆ ನೋಡಿ, “ಇದರಲ್ಲಿ ಕಾಯಿ ಎಷ್ಟು, ನೀನೆಷ್ಟು?” ಎಂದು ಕೇಳಿ, ನಾನು ದುರುಗುಟ್ಟಿದ ಮೇಲೆ ಸುಮ್ಮನೆ ಊಟ ಮಾಡುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಹಿಂಬಾಗಿಲ ಮೆಟ್ಟಿಲಿಗೆ ಕಾಯಿ ಕುಟ್ಟಿ ಒಡೆಯುತ್ತಿದ್ದೆ. ಒಂದು ಏಟು ಹಾಕಿದೆ. ಬೇಲಿಯಾಚೆಯಿಂದ ಅದೇ ಸದ್ದು ಬಂತು. ಪ್ರತಿಧ್ವನಿ ಇರಬೇಕೆಂದು ಇನ್ನೊಂದು ಹಾಕಿದೆ. ಮತ್ತೆ ಬಂತು, ನನಗಿಂತ ಗಟ್ಟಿಯಾಗಿ. ಬೇಲಿಯ ಹಲಗೆಗಳ ನಡುವೆ ಇಣುಕಿದರೆ, ಆಚೆ ಕಡೆಯಿಂದಲೂ ಕನ್ನಡಕ ಹಾಕಿದ ಒಂದು ಕಣ್ಣು ಇಣುಕುತ್ತಿತ್ತು.

“ನೀರು ಕುಡಿದೆಯಾ, ಚೆಲ್ಲಿದೆಯಾ?” ಎಂದು ಆ ಕಣ್ಣು ಕೇಳಿತು.

ರುಕಿಯಾ ಮಾಸಿಯ ಮತ್ತು ನನ್ನ ಸ್ನೇಹ ಶುರುವಾದದ್ದು ಹಾಗೆ. ಅವರ ಮನೆಮಾತು ಗುಜರಾತಿ. ನನ್ನೊಂದಿಗೆ ಆಡುತ್ತಿದ್ದುದು ಗುಜರಾತಿ, ಹಿಂದಿ, ಇಂಗ್ಲಿಷುಗಳನ್ನು ಒಂದೇ ಬೋಗುಣಿಯಲ್ಲಿ ಕಲಸಿದ ಮಾತು. ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ನನ್ನನ್ನು ಅವರು ‘ದೀಕರಿ’ ಎನ್ನುತ್ತಿದ್ದರು, ಅಂದರೆ ಮಗಳೇ ಎಂದು. ಅಂದು ನನ್ನ ಬೆರಳಿನ ಪಟ್ಟಿಗಳನ್ನು ನೋಡಿದವರೇ ಒಳಗೆ ಹೋಗಿ ಮೇಕೆಯನ್ನು ತಂದು, ತುರಿದಾದ ಮೇಲೆ ಕೊಡು ಎಂದು ಬೇಲಿಯ ಮೇಲಿಂದ ದಾಟಿಸಿದರು. ನಿಲ್ದಾಣದಲ್ಲಿ ಕಳೆದುಕೊಂಡದ್ದು ಬೇರೆ ದಾರಿಯಿಂದ ಮನೆಗೆ ಬಂದಂತಿತ್ತು.

“ಇದು ನಿಮ್ಮಲ್ಲಿ ಹೇಗೆ ಬಂತು ಮಾಸಿ?”

“ನನ್ನ ಊರಿನದು. ಲಾಮು ಕೇಳಿದ್ದೀಯಾ?”

ಕೇಳಿರಲಿಲ್ಲ. ಊರಲ್ಲಿ ಎರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಸಹಾರಾ ಮರುಭೂಮಿ, ನೈಲ್ ನದಿ ಎಲ್ಲ ಬಾಯಿಪಾಠವಾಗಿತ್ತು. ಆದರೆ ಪಠ್ಯಪುಸ್ತಕದ ಆಫ್ರಿಕಾಕ್ಕೆ ಅಂಚಿನಲ್ಲಿ ದ್ವೀಪಗಳೇ ಇರಲಿಲ್ಲ, ಅಚ್ಚು ಹಾಕುವಾಗ ಕೈಬಿಟ್ಟಿದ್ದರೋ ಏನೋ.

ಆಮೇಲೆ ಪ್ರತಿ ಶನಿವಾರ ಮಾಸಿಯ ಅಡುಗೆಮನೆಯಲ್ಲಿ ನನಗೆ ಭೂಗೋಳದ ಪಾಠ. ಅವರು ಮೇಕೆಯ ಮೇಲೆ, ನಾನು ಎದುರಿಗೆ ಚಾಪೆಯ ಮೇಲೆ, ನಡುವೆ ಒಂದು ಸ್ಟೀಲಿನ ಹರಿವಾಣ. ಹರಿವಾಣವೇ ಸಮುದ್ರ. ಅದರಲ್ಲಿ ಕರಟದ ಚೂರುಗಳನ್ನು ಜೋಡಿಸುತ್ತಿದ್ದರು. ಇದು ಲಾಮು, ಕಾರಿಲ್ಲ, ಕತ್ತೆಗಳೇ ಎಲ್ಲ. ಓಣಿಗಳು ಎಷ್ಟು ಕಿರಿದೆಂದರೆ ಹೊರೆ ಹೊತ್ತ ಎರಡು ಕತ್ತೆ ಎದುರುಬದುರಾದರೆ ಒಂದು ಹಿಂದೆ ಹೋಗಲೇಬೇಕು. ಹವಳದ ಕಲ್ಲಿನ ಮನೆಗಳು, ಕೆತ್ತನೆಯ ಬಾಗಿಲು, ಬಾಗಿಲ ಹೊರಗೆ ಕೂತು ಹರಟಲು ಕಲ್ಲಿನ ಜಗಲಿ. ಪಕ್ಕದ್ದು ಮಾಂಡಾ, ಹಿಂದೆ ಅಲ್ಲಿ ದೊಡ್ಡ ಪಟ್ಟಣಗಳಿದ್ದವು, ಬಾವಿಯ ನೀರು ಉಪ್ಪಾಗಿ ಜನ ಬಿಟ್ಟುಹೋದರು. ಆ ತುದಿಯ ಉದ್ದನೆಯ ತೆಳು ಚೂರು ಕಿವಾಯು. ನಡುವೆ ಎಲ್ಲಕ್ಕಿಂತ ದೊಡ್ಡದು ಪಾಟೆ. ಅದೇ ಅವರ ದ್ವೀಪ. ಸುತ್ತ ಕೊತ್ತಂಬರಿ ಸೊಪ್ಪು ಉದುರಿಸಿ, “ಇದು ನೀರಲ್ಲೇ ಬೆಳೆಯೋ ಕಾಡು” ಎಂದರು. ನಮ್ಮ ಕಡೆಯ ಕಾಂಡ್ಲಾ ಗಿಡಗಳೇ ಎಂದು ನನಗೆ ಕೂಡಲೇ ಗೊತ್ತಾಯಿತು. ಪಾಠ ಮುಗಿದ ಮೇಲೆ ಕೊತ್ತಂಬರಿ ಕಾಡು ಸಾರಿಗೆ ಬೀಳುತ್ತಿತ್ತು.

ಚರಿತ್ರೆಯೂ ಅಲ್ಲೇ, ಒಗ್ಗರಣೆಯ ಜೊತೆಗೆ. ಒಂದು ಕಾಲದಲ್ಲಿ ಪಾಟೆಯ ದೊಡ್ಡ ಮನೆಯವರು ರೇಷ್ಮೆ ಉಟ್ಟು, ಮಂಚ ಹತ್ತಲು ಬೆಳ್ಳಿಯ ಏಣಿ ಇಟ್ಟುಕೊಂಡಿದ್ದರಂತೆ. ಬಂದರಿನಲ್ಲಿ ಹೂಳು ತುಂಬಿ ಹಡಗುಗಳು ಲಾಮುವಿಗೆ ತಿರುಗಿದವು. ಈಗ ಪಾಳು ಗೋಡೆಗಳ ನಡುವೆ ಹೊಗೆಸೊಪ್ಪು ಬೆಳೆಯುತ್ತಾರೆ. ಸಿಟ್ಟಿಗೆದ್ದ ಪಾಟೆಯವರು ಮೊಂಬಾಸದವರನ್ನು ಕಟ್ಟಿಕೊಂಡು ಲಾಮುವಿನ ಮೇಲೆ ಯುದ್ಧಕ್ಕೆ ಹೋದರು. ಶೇಲಾ ಎಂಬ ಊರಿನ ಮರಳಿನಲ್ಲಿ ಇಳಿದು, ಹೊಡೆದಾಡಿ, ಸೋತು, ಓಡಿಹೋಗೋಣವೆಂದು ದಡಕ್ಕೆ ಬಂದರೆ ನೀರು ಇಳಿದುಹೋಗಿ ದೋಣಿಗಳೆಲ್ಲ ಒಣ ಮರಳ ಮೇಲೆ ಕೂತಿದ್ದವು.

“ದ್ವೀಪದವರಾಗಿ ಇಳಿತದ ಹೊತ್ತು ಮರೆತರಲ್ಲ” ಎಂದು ಮಾಸಿ ನಿನ್ನೆ ನಡೆದದ್ದೆಂಬಂತೆ ಹಲುಬುತ್ತಿದ್ದರು. “ಗೆದ್ದ ಲಾಮುವಿನವರು ಏನು ಮಹಾ ಬುದ್ಧಿವಂತರು? ಮತ್ತೆ ಯಾರಾದರೂ ಬಂದಾರು ಅಂತ ಹೆದರಿ ಓಮಾನಿನ ಸುಲ್ತಾನನನ್ನ ಕಾವಲಿಗೆ ಕರೆದರು. ಬಂದ ನೆಂಟ ಹೋಗಲೇ ಇಲ್ಲ, ಮನೆಯೇ ತನ್ನದು ಅಂದ.”

ಗಾಳಿಯ ಪಾಠ ನನಗೆ ಎಲ್ಲಕ್ಕಿಂತ ಇಷ್ಟ. ವರ್ಷದ ಕೊನೆಗೆ ‘ಕಸ್ಕಾಝಿ’ ಎಂಬ ಗಾಳಿ ಬೀಸಿ ನಮ್ಮ ದೇಶದ, ಅರಬರ ಹಾಯಿಹಡಗುಗಳನ್ನು ಅಲ್ಲಿಗೆ ತಳ್ಳಿಕೊಂಡು ಹೋಗುತ್ತದೆ. ಬೇಸಿಗೆಯ ಹೊತ್ತಿಗೆ ‘ಕೂಸಿ’ ತಿರುಗಿ ಬೀಸಿ ಅವನ್ನು ವಾಪಸು ಕಳಿಸುತ್ತದೆ. ಆ ಕೂಸಿಯೇ ನಮ್ಮ ಮಳೆಗಾಲದ ಗಾಳಿ ಎಂದು ಹೊಳೆದ ದಿನ ನಾನು ಸಾರಿನ ಸೌಟು ಹಿಡಿದು ನಿಂತೇ ಇದ್ದೆ. ಮಾಸಿಯ ಊರಿನ ಅಂಗಳದಲ್ಲಿ ಬಟ್ಟೆ ಒಣಗಿಸಿದ ಗಾಳಿ ಬಂದು ನಮ್ಮೂರಿನ ಅಂಗಳದ ಬಟ್ಟೆ ತೋಯಿಸುತ್ತಿತ್ತು. ಚಿಕ್ಕಂದಿನಲ್ಲಿ ಜೂನ್ ತಿಂಗಳಿಡೀ ಒಣಗದ ಲಂಗ ಹಾಕಿಕೊಂಡು ಶಾಲೆಗೆ ಹೋದದ್ದಕ್ಕೆ ಯಾರು ಹೊಣೆ ಎಂದು ಕೊನೆಗೂ ಗೊತ್ತಾಯಿತು.

ಇಷ್ಟೆಲ್ಲ ಕೇಳಿದ ಮೇಲೆ ಮಾಸಿ ಒಂದು ದಿನ ಸಹಜವಾಗಿ ಕೇಳಿದರು, “ನಿನ್ನದು ಯಾವ ಊರು ದೀಕರಿ?”

“ಬೆಂಗಳೂರಿನ ಹತ್ತಿರ” ಎಂದೆ.

ಇದೊಂದು ಅಭ್ಯಾಸ. ಇಂಗ್ಲಿಷರು ಕೇಳಿದರೆ ನಾನು ಬೆಂಗಳೂರಿನ ಹತ್ತಿರದವಳು. ಇಲ್ಲಿನ ಕನ್ನಡ ಕೂಟದಲ್ಲಿ ಬೆಂಗಳೂರಿನವರು ಕೇಳಿದರೆ ಮಂಗಳೂರಿನ ಹತ್ತಿರದವಳು. ಮಂಗಳೂರಿನವರಿಗೆ ಉಡುಪಿಯ ಹತ್ತಿರ, ಉಡುಪಿಯವರಿಗೆ ಕುಂದಾಪುರದ ಹತ್ತಿರ, ಕುಂದಾಪುರದವರಿಗೆ ಗಂಗೊಳ್ಳಿಯ ಹತ್ತಿರ. ನಿಜವಾಗಿ ನನ್ನದು ಗಂಗೊಳ್ಳಿಯ ಹೊಳೆಯ ನಡುವಿನ ಒಂದು ಕುದ್ರು. ಹೊಳೆಯ ನಡುವಿನ ದ್ವೀಪಕ್ಕೆ ನಮ್ಮ ಕಡೆ ಕುದ್ರು ಎನ್ನುತ್ತೇವೆ. ನಮ್ಮದರ ಹೆಸರು ಕಾಗೆಕುದ್ರು. ಕಾಲೇಜಿನಲ್ಲಿ ಈ ಹೆಸರು ಹೇಳಿದ ದಿನದಿಂದ ಹಿಂದಿನ ಬೆಂಚಿನವರು ನನ್ನನ್ನು ಕಂಡರೆ ಕಾ ಕಾ ಎನ್ನತೊಡಗಿದ್ದರು. ಅಂದೇ ನಾನು ಊರನ್ನು ಮಡಚಿ ಒಳಗಿಟ್ಟೆ. ಫೋನಿನಲ್ಲಿ ಅಮ್ಮನಿಗೆ ಇದು ಹೇಗೋ ಗೊತ್ತಾಗಿ, “ಬೆಂಗ್ಳೂರ್ ಅಂದ್ ಹೇಳುದ್ ಎಂತಕ್ ಮಾರಾಯ್ತಿ? ನಮ್ ಕುದ್ರಿಗೆ ಹೆಸ್ರ್ ಇಲ್ಯಾ?” ಎಂದು ಒಂದು ಸಲ ಕೇಳಿದ್ದಳು. ಲೈನು ಸರಿಯಿಲ್ಲ ಅಮ್ಮಾ ಎಂದು ಫೋನು ಇಟ್ಟಿದ್ದೆ.

ಮಾಸಿಯ ಮಗ ಅಬ್ಬಾಸ್‌ಭಾಯಿಯದೂ ಇದೇ ಜಾತಿಯ ಅಭ್ಯಾಸ. ಅವರು ಅಕೌಂಟೆಂಟ್, ಹತ್ತಿರದ ಪಿನ್ನರಿನಲ್ಲಿ ಮನೆ, ಭಾನುವಾರ ತಪ್ಪದೆ ತಾಯಿಯನ್ನು ನೋಡಲು ಬರುವ ಸಜ್ಜನ. ಎಲ್ಲಿಯವರೆಂದು ಯಾರು ಕೇಳಿದರೂ “ಮೊಂಬಾಸ” ಎನ್ನುತ್ತಿದ್ದರು. ಗುಜರಾತಿನಿಂದ ಹೋದ ಹಿರಿಯರು ಪಾಟೆಯಲ್ಲಿಟ್ಟ ಅಂಗಡಿಯಲ್ಲಿ ವ್ಯಾಪಾರ ಸೊರಗಿ ಮನೆಯವರೆಲ್ಲ ಮೊಂಬಾಸಕ್ಕೆ ಬಂದಾಗ ಅವರಿಗೆ ಆರು ವರ್ಷ. ಅಲ್ಲಿನ ಶಾಲೆಯ ಹುಡುಗರು ಕತ್ತೆಗಳ ದ್ವೀಪದವನೆಂದು ಗೇಲಿ ಮಾಡಿದರಂತೆ. ಅಲ್ಲಿಂದೀಚೆಗೆ ಅವರ ಬಾಯಲ್ಲಿ ಪಾಟೆ ಬಂದದ್ದಿಲ್ಲ. ತಾಯಿ ದ್ವೀಪದ ಮಾತೆತ್ತಿದರೆ ಕಾರಿನ ಕೀಲಿ ಹುಡುಕುತ್ತಿದ್ದರು. ಮಾಸಿಗೆ ಒಂದೇ ಆಸೆ ಉಳಿದಿತ್ತು. ಮಗ ಒಂದು ಸಲ ತನ್ನ ಬಾಯಿಂದ ಊರಿನ ಹೆಸರು ಹೇಳಬೇಕು, ಆಮೇಲೆ ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು.

“ನಾನೇ ಟಿಕೆಟ್ ತೆಗೆದು ಹೋಗಬಹುದು. ಆದರೆ ಅಲ್ಲಿ ಎಲ್ಲರೂ ಕೇಳೋದು, ಅಬ್ಬಾಸ್ ಎಲ್ಲಿ ಅಂತ” ಎಂದು ಒಂದು ಶನಿವಾರ ಕಾಯಿ ತುರಿಯುತ್ತಾ ಹೇಳಿದರು. ಅವರ ಕೈ ನಿಲ್ಲಲಿಲ್ಲ, ಕಣ್ಣು ಮಾತ್ರ ತುಂಬಿತ್ತು. ನನಗೆ ಬಹಳ ಸಂಕಟವಾಯಿತು.

ಹೊಸ ಶತಮಾನ ಬಂದ ಮೊದಲ ವರ್ಷಗಳಲ್ಲೊಮ್ಮೆ ನಮ್ಮ ಹತ್ತಿರದ ಲೈಬ್ರರಿಯಲ್ಲಿ ‘ನನ್ನ ಊರು’ ಎಂಬ ಕಾರ್ಯಕ್ರಮ ಶುರುವಾಯಿತು. ಶನಿವಾರ ಮಧ್ಯಾಹ್ನ ಬಡಾವಣೆಯ ಒಬ್ಬರು ತಮ್ಮ ಊರಿನ ಬಗ್ಗೆ ಮಾತಾಡಬೇಕು, ಆಮೇಲೆ ಚಹಾ, ಬಿಸ್ಕತ್ತು. ನಾನು ಮಾಸಿಯ ಹೆಸರು ಕೊಟ್ಟೆ. ಅವರು ಹೆದರಿದರು, ಬಿಲ್ಕುಲ್ ಆಗೋದಿಲ್ಲವೆಂದರು. “ಅಬ್ಬಾಸ್‌ಭಾಯಿಯನ್ನ ಕರೆಯೋಣ. ಲೈಬ್ರರಿಯಲ್ಲಿ ಎದ್ದು ಹೋಗೋಕೆ ಅವರಿಗೂ ನಾಚಿಕೆ ಆಗುತ್ತೆ” ಎಂದೆ. ಮಾಸಿ ಸ್ವಲ್ಪ ಯೋಚಿಸಿ, ಯಾವ ಸೀರೆ ಉಡಲಿ ಎಂದು ಕೇಳಿದರು.

ನಕ್ಷೆ ಬರೆಯುವ ಹೊಣೆ ನನ್ನದು, ಹಳೆಯ ಭೂಗೋಳದ ಟೀಚರ್ ಅಲ್ಲವೇ. ದೊಡ್ಡ ಚಾರ್ಟ್ ಪೇಪರಿನ ಮೇಲೆ ಹರಿವಾಣದಲ್ಲಿ ಕಲಿತಂತೆಯೇ ನಾಲ್ಕೂ ದ್ವೀಪ ಬರೆದೆ, ಹಸಿರು ಕಾಂಡ್ಲಾ ಕಾಡು, ಎಡಕ್ಕೆ ತುಂಬು ನೀಲಿ ಸಮುದ್ರ. ಕಡಲಿನ ಅಂಚಿನಲ್ಲಿ ಒಂದು ಕೆಂಪು ಸೂರ್ಯನನ್ನು ಮುಳುಗಿಸಿದೆ. ಅದಿಲ್ಲದೆ ನಮ್ಮೂರಿನವರಿಗೆ ಸಮುದ್ರ ಬರೆಯಲು ಬರುವುದಿಲ್ಲ. ಯಜಮಾನರು ಕನ್ನಡಕ ಏರಿಸಿ ಇಂಗ್ಲಿಷ್ ಸ್ಪೆಲಿಂಗ್ ಪರೀಕ್ಷೆ ಮಾಡಿ ಪಾಸು ಮಾಡಿದರು. ಮೈಸೂರಿನವರಿಗೆ ಸಮುದ್ರ ಯಾವ ಕಡೆಗಿದ್ದರೂ ಒಂದೇ. ಮಾಸಿಗೆ ಆಶ್ಚರ್ಯವಾಗಲೆಂದು ಅವರಿಗೆ ತೋರಿಸದೆ ಸುರುಳಿ ಸುತ್ತಿಟ್ಟೆ.

ಆ ಶನಿವಾರ ಮೇಕೆಯನ್ನು ಹೆಗಲ ಮೇಲೆ ಹೊತ್ತು ನಡೆದವರು ನಮ್ಮ ಡಾಕ್ಟರು. ದಾರಿಯಲ್ಲಿ ಅವರ ಪೇಷೆಂಟ್ ಒಬ್ಬರು ಸಿಕ್ಕಿ, ಅದರ ಹಲ್ಲು ನೋಡಿ, ಆರೋಗ್ಯ ಈಗ ಪೂರ್ತಿ ಸರಿಯಿದೆಯೆಂದು ತಾವಾಗಿಯೇ ಹೇಳಿ ದಾಟಿಹೋದರು. ಲೈಬ್ರರಿಯಲ್ಲಿ ಕುರ್ಚಿಗಳು ಮುಕ್ಕಾಲು ತುಂಬಿದ್ದವು. ಅಬ್ಬಾಸ್‌ಭಾಯಿ ಕೊನೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ, ಕೀಲಿ ಕೈಯಲ್ಲೇ ಹಿಡಿದು ಕೂತಿದ್ದರು. ಲೈಬ್ರರಿಯ ಮೇಡಂ ಸ್ವಾಗತ ಹೇಳಿದರು. ನಾನು ಹೆಮ್ಮೆಯಿಂದ ನಕ್ಷೆ ಬಿಚ್ಚಿ ಬೋರ್ಡಿಗೆ ಅಂಟಿಸಿದೆ.

ಮಾಸಿ ಅದನ್ನೇ ನೋಡುತ್ತ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ದೀಕರಿ, ನಮ್ಮಲ್ಲಿ ಸೂರ್ಯ ಕಡಲಲ್ಲಿ ಮುಳುಗೋದಿಲ್ಲ, ಕಡಲಿಂದ ಹುಟ್ಟುತ್ತಾನೆ” ಎಂದರು.

ನನ್ನ ಕಿವಿ ಬಿಸಿಯಾಯಿತು. ಆಫ್ರಿಕಾದ ಪೂರ್ವ ತೀರದಲ್ಲಿ ಕಡಲು ಇರುವುದು ಬಲಕ್ಕೆ, ಅಂದರೆ ಪೂರ್ವಕ್ಕೆ, ಎಂದು ಮಗುವಿಗೂ ಗೊತ್ತು. ಆದರೆ ಇಷ್ಟು ವರ್ಷ ನಾನು ಕೂತದ್ದು ಹರಿವಾಣದ ಈಚೆ ಕಡೆ, ಮಾಸಿಯ ಎದುರಿಗೆ. ಅವರ ಬಲಕ್ಕಿದ್ದ ಕಡಲು ನನಗೆ ಎಡಕ್ಕಿತ್ತು. ಹುಟ್ಟಿದಂದಿನಿಂದ ಕಡಲನ್ನು ಪಶ್ಚಿಮಕ್ಕೇ ಕಂಡ ನನ್ನಂಥವಳಿಗೆ ಅದರಲ್ಲಿ ಏನೂ ತಪ್ಪು ಕಾಣಲೇ ಇಲ್ಲ. ದ್ವೀಪಸಮೂಹವನ್ನು ಪೂರ್ತಿ ತಲೆಕೆಳಗಾಗಿ ಬರೆದಿದ್ದೆ.

ಯಜಮಾನರು ಮುಂದೆ ಬಂದು ಚಾರ್ಟನ್ನು ತಿರುಗಿಸಿ ಹಿಡಿದರು. ದ್ವೀಪಗಳು ಸರಿಯಾದವು, ಅಕ್ಷರಗಳು ತಲೆಕೆಳಗಾದವು. ಸಭೆಯೆಲ್ಲ ಕತ್ತು ಓರೆ ಮಾಡಿತು. ಅಷ್ಟರಲ್ಲಿ ಮಾಸಿಗೆ ನಗು ಬಂತು. ನಗುತ್ತ ನಗುತ್ತ ಹೆದರಿಕೆಯೂ ಹೋಯಿತೆಂದು ಕಾಣುತ್ತದೆ, ಚಾರ್ಟನ್ನು ಕಿತ್ತುಕೊಂಡು ಕಾರ್ಪೆಟ್ಟಿನ ಮೇಲೆ ಹಾಸಿದರು. ಅದರ ಆಚೆ ಕಡೆ ಮೇಕೆಯನ್ನು ಬಿಡಿಸಿ ಕೂತರು.

“ನೀನು ನಿನ್ನ ಜಾಗದಲ್ಲಿ ಕೂರು” ಎಂದು ನನಗೆ ಎದುರುಗಡೆ ತೋರಿಸಿ, ಉಳಿದವರನ್ನೂ ಕರೆದರು. “ಎಲ್ಲರೂ ಬನ್ನಿ. ನೆಲದ ಮೇಲೆ ನಕ್ಷೆಗೆ ಮೇಲೆ ಕೆಳಗೆ ಇಲ್ಲ.”

ಜನ ಕುರ್ಚಿ ಬಿಟ್ಟು ಸುತ್ತ ಬಂದು ಕೂತರು, ಮೊಣಕಾಲು ಬಾಗದವರು ಬಗ್ಗಿ ನಿಂತರು. ಮಾಸಿ ಕಾಯಿ ತುರಿಯುತ್ತ, ತಮ್ಮ ಮುರುಕು ಇಂಗ್ಲಿಷಿನಲ್ಲಿ, ಕತ್ತೆಗಳ ಓಣಿಯಿಂದ ಶುರುಮಾಡಿದರು. ಬೆಳ್ಳಿಯ ಏಣಿ ಬಂತು, ಶೇಲಾದ ಮರಳು ಬಂತು, ಹೋಗದ ನೆಂಟ ಬಂದ. ಲೈಬ್ರರಿಯಲ್ಲಿ ಅಷ್ಟು ಗಟ್ಟಿಯಾಗಿ ನಗಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ನನ್ನ ಕೆಂಪು ಸೂರ್ಯನನ್ನು ನೋಡುತ್ತಿದ್ದೆ. ನನ್ನ ಕಡೆಯಿಂದ ಅವನು ಮುಳುಗುತ್ತಿದ್ದ, ಮಾಸಿಯ ಕಡೆಯಿಂದ ಹುಟ್ಟುತ್ತಿದ್ದ. ಅಷ್ಟು ದೊಡ್ಡ ತಪ್ಪು ಮಾಡಿ ಅಷ್ಟು ಸಂತೋಷವಾದದ್ದು ನನಗೆ ಅದೊಂದೇ ಸಲ.

ಕೊನೆಗೆ ಮಾಸಿ ಒಂದು ಕರಟದ ಚೂರನ್ನು ದೋಣಿ ಮಾಡಿ, ಲಾಮುವಿನಿಂದ ಪಾಟೆಗೆ ಹೊರಡಿಸಿದರು. ಮಾಂಡಾವನ್ನು ಹೊರಗಿನ ಕಡಲಿನ ಕಡೆಯಿಂದ ಸುತ್ತಿಸುತ್ತಿದ್ದರು.

“ಮಾ, ಹಾಗಲ್ಲ” ಎಂದು ಹಿಂದಿನಿಂದ ಕೇಳಿಸಿತು.

ಅಬ್ಬಾಸ್‌ಭಾಯಿ ಎದ್ದು ಬಂದಿದ್ದರು. ಸೂಟಿನಲ್ಲೇ ಮಂಡಿಯೂರಿ ಕೂತು ದೋಣಿಯನ್ನು ತೆಗೆದುಕೊಂಡು, ಮಾಂಡಾ ಮತ್ತು ಆಫ್ರಿಕಾದ ದೊಡ್ಡ ನೆಲದ ನಡುವಿನ ಸಣ್ಣ ಸಂದಿಗೆ ತಂದರು. “ಒಳಗಿನ ಕಾಲುವೆಯಲ್ಲಿ ಹೋಗ್ತಿದ್ವಿ. ಭರತ ಬಂದಾಗ ಮಾತ್ರ ದಾರಿ. ಒಂದು ಸಲ ಇಳಿತಕ್ಕೆ ಸಿಕ್ಕಿಹಾಕಿಕೊಂಡು ಗಿಡಗಳ ನಡುವೆ ಕಾದೆವು. ನಾನು ಅಪ್ಪನ ತೊಡೆ ಮೇಲಿದ್ದೆ. ನೀನು ತಣ್ಣನೆಯ ಕೊಬ್ಬರಿ ಅನ್ನ ಕೊಟ್ಟೆ.” ಕಾರಿನ ಕೀಲಿ ಸಮುದ್ರದ ನಡುವೆ ಬಿದ್ದಿತ್ತು, ಅವರು ಅದನ್ನು ನೋಡಲಿಲ್ಲ.

ಮಾಸಿಗೆ ಆ ಕಾಲುವೆ ಮರೆತಿತ್ತೋ, ಮಗನಿಗಾಗಿ ಮರೆತರೋ, ನಾನು ಈವರೆಗೂ ಕೇಳಿಲ್ಲ.

ಲೈಬ್ರರಿಯ ಮೇಡಂ ಮೆಲ್ಲಗೆ ಕೇಳಿದರು, “ನೀವೂ ಅಲ್ಲಿಯವರೇನು?”

“ಹೌದು. ಪಾಟೆ” ಎಂದರು ಅಬ್ಬಾಸ್‌ಭಾಯಿ. ಅಷ್ಟಕ್ಕೇ ನಿಲ್ಲಿಸದೆ, “ಈ ಡಿಸೆಂಬರಿಗೆ ಅಮ್ಮನನ್ನ ಕರೆದುಕೊಂಡು ಹೋಗ್ತಿದ್ದೀನಿ” ಎಂದೂ ಸೇರಿಸಿದರು. ಮಾಸಿ ತುರಿಯುವುದನ್ನು ನಿಲ್ಲಿಸಿ, ಕಾಯಿತುರಿ ಅಂಟಿದ ಕೈಯನ್ನೇ ಮಗನ ತಲೆಯ ಮೇಲಿಟ್ಟರು. ಯಜಮಾನರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು, ಬಿಸಿಲು ಜಾಸ್ತಿಯೆಂದು ನೆಪ ಹೇಳಿದರು.

ಆಮೇಲೆ ಮೇಡಂ ನನ್ನ ಕಡೆ ತಿರುಗಿದರು. “ನೀವು ಬೆಂಗಳೂರಿನ ಹತ್ತಿರ ಅಲ್ಲವೇ?”

ಬಾಯಿಗೆ ಬಂದದ್ದು ಹೌದೆಂದೇ. ಆದರೆ ಮಾಸಿಯೂ ಅಬ್ಬಾಸ್‌ಭಾಯಿಯೂ ಜೊತೆಯಾಗಿ ನನ್ನನ್ನೇ ನೋಡುತ್ತಿದ್ದರು.

“ಅಲ್ಲ. ನನ್ನದು ಕಾಗೆಕುದ್ರು” ಎಂದೆ.

“ಅದೆಲ್ಲಿದೆ?”

ನಾನು ಕುಂದಾಪುರ, ಉಡುಪಿ, ಮಂಗಳೂರು ಎಂದು ಸಾಲು ಹಚ್ಚುವ ಮೊದಲೇ ಮಾಸಿ ನಾಲ್ಕೂ ದ್ವೀಪಗಳನ್ನು, ಅಷ್ಟು ದೊಡ್ಡ ನೀಲಿಯನ್ನು ದಾಟಿಸಿ ಕೈ ಚಾಚಿ, ಕಾರ್ಪೆಟ್ಟಿನ ಮೇಲೆ ನನ್ನ ಕಾಲಬೆರಳುಗಳಿದ್ದ ಜಾಗ ತೋರಿಸಿದರು. “ಅಲ್ಲಿ, ನಮ್ಮ ಎದುರು ದಡದಲ್ಲಿ. ಕೂಸಿ ಬೀಸಿದರೆ ನೆಟ್ಟಗೆ ಹೋಗಬಹುದು.”

ಮೇಡಂ ಬಗ್ಗಿ ನೋಡಿದರು. ನಾನು ಕಾಲನ್ನು ಸ್ವಲ್ಪ ಹಿಂದಕ್ಕೆ ತೆಗೆದು ಊರಿಗೆ ಜಾಗ ಮಾಡಿಕೊಟ್ಟೆ.